‘ಬಂದೆ’ ಎಂಬ ಒಂದೇ ಪಾಠ

ಹೊಳೆ ಹೊರಳುವ ಜಾಗದಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಗುರುಗಳಿಗೂ ಕಣ್ಣಿರಲಿಲ್ಲ, ಶಿಷ್ಯರಿಗೂ ಕಣ್ಣಿರಲಿಲ್ಲ. ಕಣ್ಣಿದ್ದವಳು ಅಡುಗೆಯ ಸಾಕಮ್ಮ ಒಬ್ಬಳೇ.

ಗುರು ಸಂಪಂಗಯ್ಯನವರು ಶಾಸ್ತ್ರ ಹೇಳುತ್ತಿರಲಿಲ್ಲ, ಮಂತ್ರ ಕೊಡುತ್ತಿರಲಿಲ್ಲ. ಚೆಂಡಾಟ ಕಲಿಸುತ್ತಿದ್ದರು.

ಕಾಲಲ್ಲಿ ಒದೆಯುವ ಚೆಂಡು. ಅದರ ಹೊಟ್ಟೆಯೊಳಗೆ ಗೆಜ್ಜೆಯ ಕಾಳು. ಉರುಳಿದರೆ ನುಡಿಯುತ್ತಿತ್ತು, ನಿಂತರೆ ಸುಮ್ಮನಾಗುತ್ತಿತ್ತು.

ಹೊನ್ನಯ್ಯ ಅಲ್ಲಿಗೆ ಬಂದಾಗ ಅವನಿಗೆ ಕಣ್ಣು ಹೋಗಿ ಬಹಳ ದಿನವಾಗಿರಲಿಲ್ಲ. ಮೀಸೆ ಮೂಡಿದ ವಯಸ್ಸಿನಲ್ಲಿ ಒಂದು ಜ್ವರ ಬಂದಿತ್ತು. ಜ್ವರ ಹೋಗುವಾಗ ಕಣ್ಣನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಿತ್ತು.

ಬಂದ ದಿನವೇ ಅವನು ಕೇಳಿದ. ‘ನನಗೆ ಏನು ಕಲಿಸ್ತೀರಿ ಗುರುಗಳೇ?’

‘ಒಂದು ಮಾತು.’

‘ಯಾವ ಮಾತು?’

‘ಬಂದೆ.’

‘ಎಲ್ಲಿಗೆ ಬಂದ್ರಿ?’

ಅಂಗಳದಲ್ಲಿ ಯಾರೋ ನಕ್ಕರು. ಗುರುಗಳು ನಗಲಿಲ್ಲ.

‘ಅದೇ ಆ ಮಾತು. ಚೆಂಡಿನ ಮೇಲೆ ಹೋಗೋವಾಗ ಬಂದೆ ಅನ್ನಬೇಕು. ಗಟ್ಟಿಯಾಗಿ ಅನ್ನಬೇಕು. ಎದುರಿಗಿರೋನಿಗೆ ನೀನು ಕಾಣಲ್ಲ. ನಿನಗೆ ಅವನು ಕಾಣಲ್ಲ. ಮೊದಲು ಬಂದೆ ಅಂದವನಿಗೆ ಅವನ ಕಡೆಯವರು ದಾರಿ ಬಿಡ್ತಾರೆ, ಎದುರು ಕಡೆಯವರು ಮೈ ಕಾಯ್ಕೊಳ್ತಾರೆ.’

‘ಇಷ್ಟೇನಾ?’

‘ಇಷ್ಟೇ.’

‘ಆಮೇಲೆ?’

‘ಇಷ್ಟು ಬಂದ ಮೇಲೆ ಆಮೇಲೆ ಅಂತ ಕೇಳಿದವರು ಇನ್ನೂ ಯಾರೂ ಇಲ್ಲ.’

ಹೊನ್ನಯ್ಯ ಮಾತಿಗೆ ಸೋಲುವವನಲ್ಲ. ‘ಅಲ್ಲ ಗುರುಗಳೇ, ಇನ್ನೂ ಹೋಗೇ ಇಲ್ಲ, ಆಗಲೇ ಬಂದೆ ಅಂದ್ರೆ ಸುಳ್ಳಾಗಲ್ವಾ?’

‘ಸಾಕಮ್ಮನ್ನ ಕರಿ.’

ಹೊನ್ನಯ್ಯ ಕರೆದ.

‘ಬಂದೆ,’ ಎಂದು ಅಡುಗೆಮನೆಯಿಂದ ಉತ್ತರ ಬಂತು. ಸಾಕಮ್ಮ ಬರಲಿಲ್ಲ. ಒಗ್ಗರಣೆ ಚಟಪಟ ಎಂದಿತು. ಪಾತ್ರೆ ಇಳಿಸಿದ ಸದ್ದಾಯಿತು. ಮುಚ್ಚಳ ಮುಚ್ಚಿದ ಸದ್ದಾಯಿತು.

‘ಕೇಳಿದ್ರಾ? ಬಂದೆ ಅಂದ್ರು, ಇದ್ದಲ್ಲೇ ಇದ್ದಾರೆ.’

‘ತಡಿ.’

ಆಮೇಲೆ ಬಳೆಯ ಸದ್ದು ಹತ್ತಿರವಾಯಿತು. ‘ಯಾಕೆ ಕರೆದಿದ್ದು?’ ಎಂದಳು ಸಾಕಮ್ಮ.

‘ಏನಿಲ್ಲ, ಹೋಗು ತಾಯಿ,’ ಎಂದರು ಗುರುಗಳು.

‘ಏನಿಲ್ಲದ್ದಕ್ಕೆ ಒಲೆ ಮುಂದಿಂದ ಎಬ್ಬುಸ್ತೀರಾ? ಸಾರು ಸೀದರೆ ನೀವೇ ಉಣ್ಣಿ, ಗುರುಗಳೂ ಶಿಷ್ಯರೂ.’

ಅವಳು ಹೋದ ಮೇಲೆ ಗುರುಗಳು ಹೇಳಿದರು. ‘ಮೊದಲು ಸುಳ್ಳು ಹೇಳಿದ್ಳು. ಆಮೇಲೆ ಅದನ್ನ ನಿಜ ಮಾಡಿದ್ಳು. ಕಾಲಿರೋದೇ ಅದಕ್ಕೆ.’

ಆ ಆಶ್ರಮದಲ್ಲಿ ಹೊನ್ನಯ್ಯನಿಗೆ ನಡೆಯಲು ಕಲಿಸಿದವನು ಲಕ್ಕಣ್ಣ. ಅವನು ಹುಟ್ಟುಕುರುಡ.

‘ನೀನು ಹೊಸಬ, ಇನ್ನೂ ಕಣ್ಣಿರೋರ ಹಾಗೆ ತಲೆ ಎತ್ತಿ ನಡೀತೀಯ,’ ಎಂದ ಲಕ್ಕಣ್ಣ.

‘ಎತ್ತಿದ್ರೆ ಏನಾಯ್ತು?’

‘ತೊಲೆ ತಾಕತ್ತೆ.’

ತಾಕಿತು. ಲಕ್ಕಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಹೊಳೆಯಿಂದ ತಣ್ಣೀರು ತಂದು ಬಟ್ಟೆ ಅದ್ದಿ ಹಣೆಗೆ ಇಟ್ಟ. ಅವರಿಬ್ಬರ ಸ್ನೇಹ ಶುರುವಾದದ್ದು ಹಾಗೆ.

ಆಟಕ್ಕೆ ಇಳಿಯುವಾಗ ಎಲ್ಲರೂ ಕಣ್ಣಿಗೆ ಬಟ್ಟೆ ಕಟ್ಟಬೇಕು. ಹೊನ್ನಯ್ಯನಿಗೆ ಅದೂ ತಮಾಷೆ.

‘ಇಲ್ಲದ ಕಣ್ಣಿಗೆ ಬಟ್ಟೆ ಯಾಕೋ?’

‘ಒಬ್ಬಿಬ್ಬರಿಗೆ ಚೂರು ಬೆಳಕು ಕಾಣತ್ತೆ. ಅವರೊಬ್ಬರೇ ಕಟ್ಕೊಂಡ್ರೆ ಬೇಜಾರಾಗತ್ತೆ ಅಂತ,’ ಎಂದ ಲಕ್ಕಣ್ಣ.

ಗೋಲಿಗೆ ಅಲ್ಲಿ ಬಾಗಿಲು ಎನ್ನುತ್ತಿದ್ದರು. ಬಾಗಿಲು ಕಾಯುವವರಿಗೆ ಮಾತ್ರ ಕಣ್ಣಿರಬಹುದು ಎನ್ನುವುದು ಆಟದ ನಿಯಮ. ಆದ್ದರಿಂದ ಆಶ್ರಮದ ಬಾಗಿಲನ್ನು ಸಾಕಮ್ಮ ಕಾಯುತ್ತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತರೆ ಅವಳನ್ನು ದಾಟಿ ಚೆಂಡು ಹೋಗುವುದು ಕಷ್ಟವಿತ್ತು.

‘ಕಣ್ಣಿರೋರಿಗೆ ಈ ಆಟದಲ್ಲಿ ಒಂದೇ ಕೆಲಸ, ಬಾಗಿಲು ಕಾಯೋದು,’ ಎಂದು ಲಕ್ಕಣ್ಣ ಅವಳನ್ನು ರೇಗಿಸುತ್ತಿದ್ದ.

‘ಹೊರಗೂ ಅದೇ ಕೆಲಸ ಕಣಪ್ಪ,’ ಎನ್ನುತ್ತಿದ್ದಳು ಸಾಕಮ್ಮ.

ಲಕ್ಕಣ್ಣನಷ್ಟು ಚೆನ್ನಾಗಿ ಕೇಳಬಲ್ಲವನು ಅಲ್ಲಿ ಇನ್ನೊಬ್ಬನಿರಲಿಲ್ಲ. ಚೆಂಡು ಅಂಗಳದ ಅಂಚಿಗೆ ನಿಲ್ಲಿಸಿದ ಹಲಗೆಗೆ ಬಡಿದು ಯಾವ ಕಡೆ ತಿರುಗಿತು, ಯಾರು ಅದರ ಹಿಂದೆ ಹೊರಟರು, ಯಾರ ಉಸಿರು ಸೋತಿದೆ, ಎಲ್ಲ ಅವನಿಗೆ ಗೊತ್ತಾಗುತ್ತಿತ್ತು. ಹೊಳೆಗೆ ಹೋಗುವಾಗ ಅವನಿಗೆ ಕೋಲು ಬೇಕಾಗಿರಲಿಲ್ಲ. ನೀರಿನ ಸದ್ದನ್ನು ಎಡಗಿವಿಗೆ ಇಟ್ಟುಕೊಂಡು ಹೋಗುತ್ತಿದ್ದ, ಬಲಗಿವಿಗೆ ಇಟ್ಟುಕೊಂಡು ಬರುತ್ತಿದ್ದ.

ಹೊನ್ನಯ್ಯನೂ ಬೇಗ ಕಲಿತ. ಕಾಲು ಚುರುಕಾಗಿತ್ತು, ಮನಸ್ಸು ಅದಕ್ಕಿಂತ ಚುರುಕಾಗಿತ್ತು.

ಆ ಚುರುಕು ಮನಸ್ಸಿಗೆ ಒಂದು ವಿಷಯ ಹೊಳೆಯಿತು. ಗಟ್ಟಿಯಾಗಿ ಬಂದೆ ಅಂದರೆ ಎದುರಿನವನು ಎಚ್ಚರವಾಗುತ್ತಾನೆ, ಚೆಂಡನ್ನು ಅತ್ತ ತಿರುಗಿಸುತ್ತಾನೆ. ಮೆಲ್ಲಗೆ ಅಂದರೆ ಅವನಿಗೆ ತಿಳಿಯುವ ಹೊತ್ತಿಗೆ ಚೆಂಡು ತನ್ನ ಕಾಲಲ್ಲಿರುತ್ತದೆ. ಕಿತ್ತುಕೊಂಡ ಮೇಲೆ ಅಂದರೆ ಇನ್ನೂ ಒಳ್ಳೆಯದು.

ಗುರುಗಳು ಗೆರೆಯ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು ಕೇಳುತ್ತಿದ್ದರು. ಒಂದು ದಿನ ಆಟ ಮುಗಿದ ಮೇಲೆ ಅವನನ್ನು ಕರೆದರು.

‘ನಿನ್ನ ಬಂದೆ ನಿನಗಿಂತ ಹಿಂದೆ ಬೀಳ್ತಾ ಇದೆ.’

‘ಚೆಂಡು ಸಿಗ್ತಾ ಇದೆಯಲ್ಲ ಗುರುಗಳೇ.’

‘ಸಿಗ್ತಾ ಇದೆ.’

‘ಮತ್ತೆ?’

ಬಹಳ ದಿನದಿಂದ ಹೊನ್ನಯ್ಯನ ಒಳಗಿದ್ದ ಮಾತು ಹೊರಗೆ ಬಂತು.

‘ಈ ಕತ್ತಲೆ ನನ್ನ ಮೇಲೆ ಬಿತ್ತಲ್ಲ, ಅದು ಬಂದೆ ಅಂದಿತ್ತಾ? ರಾತ್ರಿ ಮಲಗಿದೆ. ಬೆಳಿಗ್ಗೆ ಎದ್ದರೆ ಬೆಳಿಗ್ಗೆಯೇ ಇಲ್ಲ. ನನಗೆ ಯಾರೂ ಕೂಗಿ ಹೇಳಲಿಲ್ಲ. ನಾನು ಮಾತ್ರ ಎಲ್ಲರಿಗೂ ಕೂಗಿ ಹೇಳ್ಬೇಕಾ?’

ಗುರುಗಳು ಎದ್ದು ಅಡುಗೆಮನೆಯ ಕಡೆಗೆ ಹೋದರು.

ಮಧ್ಯಾಹ್ನ ಎಲ್ಲರೂ ಸಾಲಾಗಿ ಊಟಕ್ಕೆ ಕೂತರು. ಆ ಪಂಕ್ತಿಯಲ್ಲಿ ಬಡಿಸುವವರು ಸುಮ್ಮನೆ ಬಡಿಸುವಂತಿಲ್ಲ. ಅನ್ನ, ಎಡಕ್ಕೆ ಉಪ್ಪು, ಸಾರು, ಬಿಸಿ ಇದೆ, ಕೈ ತೆಗಿ ಎಂದು ಹೇಳುತ್ತಾ ಬಡಿಸಬೇಕು. ಸಾಕಮ್ಮ ಎಲ್ಲರಿಗೂ ಹೇಳಿ ಬಡಿಸಿದಳು. ಹೊನ್ನಯ್ಯನ ಎಲೆಯ ಮುಂದೆ ಮಾತಾಡಲಿಲ್ಲ.

ಅವನು ಅನ್ನ ಕಲಸಲು ಕೈ ಇಟ್ಟ. ಕೈ ಕುದಿಯುವ ಸಾರಿನೊಳಗೆ ಹೋಯಿತು.

ಅವನು ಚೀರಿದ.

‘ಯಾಕೆ ಹೇಳ್ಲಿಲ್ಲ ಸಾಕಮ್ಮ?’

‘ಗುರುಗಳು ಹೇಳಬೇಡ ಅಂದ್ರು.’ ಅವಳ ದನಿಯಲ್ಲಿ ಅಳುವಿತ್ತು. ‘ಪಾಪ ಬತ್ತದೆ ಅಂದೆ. ಬರಲಿ, ಇಬ್ರೂ ಹಂಚ್ಕೊಳ್ಳಣ ಅಂದ್ರು.’

ಗುರುಗಳು ತಮ್ಮ ಎಲೆಯ ಮುಂದಿನಿಂದಲೇ ಹೇಳಿದರು. ‘ಕತ್ತಲೆ ಹಾಗೆ ಬಂತು ಅಂದ್ಯಲ್ಲ, ಸಾರೂ ಹಾಗೇ ಬಂತು. ನಾಳೆ ನೀನು ಬಡಿಸು. ಹೇಗೆ ಬಡಿಸ್ತೀಯ ಅಂತ ನೋಡೋಣ.’

ಮರುದಿನ ಹೊನ್ನಯ್ಯ ಬಡಿಸಿದ. ಪ್ರತಿಯೊಬ್ಬರ ಮುಂದೆಯೂ ‘ಸಾರು, ಬಿಸಿ ಇದೆ’ ಎಂದು ಹೇಳಿದ. ಹೇಳುವಾಗ ಎಲ್ಲರೂ ನಕ್ಕರು, ಅವನೂ ನಕ್ಕ. ಪಾಠ ಮುಗಿಯಿತು ಎಂದುಕೊಂಡ.

ಪಂಕ್ತಿಯಲ್ಲಿ ಕಲಿತದ್ದು ಪಂಕ್ತಿಯಲ್ಲೇ ಉಳಿಯಿತು.

ಬೇಸಿಗೆಯಲ್ಲಿ ಪಟ್ಟಣದ ಒಂದು ತಂಡ ಆಡಲು ಬಂತು. ಹೊಳೆಯಾಚೆಯ ಜನ ಹರಿಗೋಲು ಹತ್ತಿ ನೋಡಲು ಬಂದರು. ಚೆಂಡು ಉರುಳುವಾಗ ನೋಡುವವರು ಕೆಮ್ಮುವಂತೆಯೂ ಇಲ್ಲ ಎಂದು ಗುರುಗಳು ಅವರಿಗೆ ಹೇಳಿ ಕೂರಿಸಿದರು. ಅಷ್ಟು ಜನ ಸೇರಿ ಅಷ್ಟು ಸುಮ್ಮನಿದ್ದದ್ದನ್ನು ಹೊನ್ನಯ್ಯ ಎಂದೂ ಕೇಳಿರಲಿಲ್ಲ.

ಆಟ ಮುಗಿಯುತ್ತಾ ಬಂದಿತ್ತು. ಎರಡು ಕಡೆಗೂ ಸಮವಾಗಿತ್ತು.

ಚೆಂಡು ಬಲಗಡೆಯ ಹಲಗೆಗೆ ಬಡಿದು, ಯಾರ ಕಾಲಿಗೂ ಸಿಗದೆ, ಪಟ್ಟಣದವರ ಬಾಗಿಲ ಮುಂದೆ ಉರುಳಿತು. ಗೆಜ್ಜೆ ಒಂಟಿಯಾಗಿ ನುಡಿಯಿತು.

‘ಬಂದೆ,’ ಎಂದು ಲಕ್ಕಣ್ಣ ಕೂಗಿದ.

ಹೊನ್ನಯ್ಯನಿಗೆ ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು. ಲಕ್ಕಣ್ಣ ಬಲಗಡೆಯಿಂದ ಬರುತ್ತಿದ್ದಾನೆ, ಚೆಂಡು ಅವನದು, ತಾನು ನಿಲ್ಲಬೇಕು. ಅದೂ ಗೊತ್ತಾಯಿತು.

ಆದರೆ ಗೆಜ್ಜೆ ತನಗೆ ಹತ್ತಿರವಿತ್ತು. ಅಷ್ಟು ಜನ ಕಾಯುತ್ತಿದ್ದರು.

ಅವನು ಬಾಯಿ ತೆರೆಯಲಿಲ್ಲ. ಓಡಿದ.

ಅವನ ಹಣೆ ಲಕ್ಕಣ್ಣನ ಎಡಗಿವಿಗೆ ಬಡಿಯಿತು. ಇಬ್ಬರೂ ಬಿದ್ದರು. ಬೀಳುವಾಗ ಯಾರದೋ ಕಾಲು ತಾಗಿ ಚೆಂಡು ಬಾಗಿಲೊಳಗೆ ಹೋಯಿತು.

ಜನ ಎದ್ದು ಕೂಗಿದರು. ಆ ಕೂಗಿನಲ್ಲಿ ಲಕ್ಕಣ್ಣ ಏಳಲಿಲ್ಲ ಎನ್ನುವುದು ಬಹಳ ಹೊತ್ತು ಯಾರಿಗೂ ಗೊತ್ತಾಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಎಡಗಿವಿಯ ನರ ಸತ್ತಿದೆ ಎಂದರು. ಇನ್ನು ಅದು ಕೇಳುವುದಿಲ್ಲ ಎಂದರು. ಒಂದು ಕಿವಿ ಸಾಕಲ್ಲ, ಎಷ್ಟೋ ಜನ ಒಂದೇ ಕಿವಿಯಲ್ಲಿ ಜೀವನ ಮಾಡುತ್ತಾರೆ ಎಂದೂ ಹೇಳಿದರು. ಅವರಿಗೆ ಕಣ್ಣಿತ್ತು.

ಲಕ್ಕಣ್ಣ ಆಶ್ರಮಕ್ಕೆ ವಾಪಸು ಬಂದ ದಿನ ಹೊನ್ನಯ್ಯ ಅವನ ಚಾಪೆಯ ಪಕ್ಕ ಹೋಗಿ ಕೂತ.

‘ಹೊನ್ನ, ಎಲ್ಲರೂ ಒಂದೇ ಕಡೆಯಿಂದ ಬರ್ತಾರೆ ಕಣೋ,’ ಎಂದ ಲಕ್ಕಣ್ಣ. ‘ಸಾಕಮ್ಮ ಬಲಗಡೆಯಿಂದ ಬರ್ತಾಳೆ, ಹೊಳೆ ಬಲಗಡೆ ಹರಿಯತ್ತೆ, ಕಾಗೆ ಬಲಗಡೆ ಕೂಗತ್ತೆ. ಎಡಗಡೆ ಏನೂ ಇಲ್ಲ. ಗೋಡೆನೂ ಇಲ್ಲ.’

ಹೊನ್ನಯ್ಯ ಅವನ ಹೊದಿಕೆಯನ್ನು ಸರಿಮಾಡಿದ.

‘ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳ್ಬೇಡ,’ ಎಂದ ಲಕ್ಕಣ್ಣ. ‘ಅವತ್ತು ನೀನು ಬಂದೆ ಅಂದದ್ದು ನನಗೆ ಕೇಳಿಸ್ಲೇ ಇಲ್ಲ. ಅಂದ್ರೆ ಈ ಕಿವಿ ಮುಂಚೆಯೇ ಮಂದ ಆಗ್ತಾ ಇತ್ತು. ನನಗೇ ತಿಳೀಲಿಲ್ಲ. ಎಲ್ಲ ಕೇಳತ್ತೆ ಅನ್ನೋ ಜಂಬದಲ್ಲಿ ಇದ್ದೆ ನೋಡು. ನಿನ್ನ ಹಣೆಗೆ ಜೋರಾಗಿ ತಗುಲ್ತಾ?’

‘ಇಲ್ಲ,’ ಎಂದ ಹೊನ್ನಯ್ಯ.

ಹೇಳಬೇಕಾದದ್ದು ನಾಲಿಗೆಯ ತುದಿಯವರೆಗೆ ಬಂದಿತ್ತು. ‘ಇಲ್ಲ’ ಎಂದ ಮೇಲೆ ಅದು ಹಿಂದಕ್ಕೆ ಹೋಯಿತು.

ಯಾರಿಗೂ ಹೇಳಬೇಡ ಎಂದ ಲಕ್ಕಣ್ಣ ತಾನೇ ಎಲ್ಲರಿಗೂ ಹೇಳಿದ. ‘ನಿಮ್ಮ ಕಿವಿನೂ ನೋಡ್ಕೊಳ್ರಪ್ಪ. ಅದು ಹೋಗೋದು ಗೊತ್ತಾಗಲ್ಲ. ಹೊನ್ನ ಕೂಗಿದ್ದಾನೆ, ನನಗೆ ಕೇಳಿಸಿಲ್ಲ.’

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆಟ ಸತ್ತದ್ದು ಆ ಮಾತಿನಿಂದ.

ಮತ್ತೆ ಅಂಗಳಕ್ಕೆ ಇಳಿದಾಗ ಯಾರ ಕಾಲೂ ಮೊದಲಿನ ಹಾಗೆ ಏಳಲಿಲ್ಲ. ಕೂಗಿದರೂ ಲಕ್ಕಣ್ಣನಂಥವನಿಗೆ ಕೇಳಿಸಿಲ್ಲ, ಇನ್ನು ಮಿಕ್ಕವರ ಪಾಡೇನು? ಒಬ್ಬ ‘ಬಂದೆ’ ಎನ್ನುವನು, ನಿಂತಲ್ಲೇ ನಿಲ್ಲುವನು. ಇನ್ನೊಬ್ಬ ‘ಬಂದೆ’ ಎನ್ನುವನು, ಕೈ ಮುಂದೆ ಚಾಚಿಕೊಂಡು ನಿಲ್ಲುವನು. ನಾಲ್ಕು ದಿಕ್ಕಿನಿಂದ ಬಂದೆ ಬಂದೆ ಎಂಬ ಕೂಗು. ಚೆಂಡು ನಡುವೆ ಮಾತಿಲ್ಲದೆ ಬಿದ್ದಿರುತ್ತಿತ್ತು.

ಬಾಗಿಲಲ್ಲಿ ನಿಂತ ಸಾಕಮ್ಮ ಕೊನೆಗೆ ಹೇಳಿದಳು. ‘ಎಲ್ಲಾ ಬಂದೆ ಅಂತೀರಿ, ಯಾರೂ ಬರಕಿಲ್ಲ. ನಾನು ಯಾರಿಗೆ ಅಂತ ಬಾಗಿಲು ಕಾಯ್ಲಿ?’

ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಅಡುಗೆಮನೆಗೆ ಹೋದಳು. ಆಮೇಲೆ ಆಟಕ್ಕೆ ಯಾರೂ ಕರೆಯಲಿಲ್ಲ. ಮಳೆ ಬಂತು. ಅಂಗಳದಲ್ಲಿ ಗರಿಕೆ ಬೆಳೆದು ಕಾಲಿಗೆ ತೊಡರತೊಡಗಿತು.

ಹೊನ್ನಯ್ಯ ಗುರುಗಳ ಹತ್ತಿರ ಹೋದ. ಅವರು ಗೆರೆಯ ಪಕ್ಕದ ಅದೇ ಕಲ್ಲಿನ ಮೇಲೆ ಕೂತಿದ್ದರು. ಅವರ ಮುಂದೆ ಈಗ ಕೇಳಲು ಏನೂ ಇರಲಿಲ್ಲ.

‘ಗುರುಗಳೇ, ನನ್ನದೊಂದು ಮಾತಿದೆ.’

‘ಎರಡು ಮೈ ಬಿದ್ದದ್ದು ಕೇಳಿಸ್ತು,’ ಎಂದರು ಗುರುಗಳು. ‘ಒಂದೇ ಬಂದೆ ಕೇಳಿಸ್ತು.’

ಹೊನ್ನಯ್ಯ ಹುಲ್ಲಿನ ಮೇಲೆ ಕುಸಿದು ಕೂತ.

‘ಗೊತ್ತಿದ್ದೂ ಸುಮ್ಮನಿದ್ರಾ?’

‘ಸುಮ್ಮನಿದ್ದೆ. ನೀನೂ ಇದ್ಯಲ್ಲ.’

‘ನೀವೇ ಅವನಿಗೆ ಹೇಳಿಬಿಡಿ.’

‘ಒಬ್ಬನ ಬಂದೆನ ಇನ್ನೊಬ್ಬ ಕೂಗೋಕಾಗತ್ತೇನಪ್ಪ?’

‘ಇದಕ್ಕೆ ಏನಾದರೂ ಪ್ರಾಯಶ್ಚಿತ್ತ ಹೇಳಿ. ಉಪವಾಸ ಇರ್ತೀನಿ. ಆಶ್ರಮದ ನೀರೆಲ್ಲ ನಾನೇ ಹೊರ್ತೀನಿ.’

‘ಅದರಿಂದ ಅವನಿಗೆ ಕೇಳಿಸತ್ತಾ?’

‘ಇಲ್ಲ.’

‘ಮತ್ತೆ ಯಾಕೆ?’

ಹೊನ್ನಯ್ಯ ಬಹಳ ಹೊತ್ತು ಹುಲ್ಲು ಕಿತ್ತ. ಆಮೇಲೆ ಕೇಳಿದ. ‘ಅವನಿಗೆ ಹೇಗಿರತ್ತೆ ಗುರುಗಳೇ?’

ಗುರುಗಳು ಎದ್ದು ಒಳಗೆ ಹೋದರು. ದೀಪದ ಬತ್ತಿಗೆ ಇಟ್ಟಿದ್ದ ಅರಳೆ ತಂದರು. ಅದನ್ನು ಎಣ್ಣೆಯಲ್ಲಿ ಅದ್ದಿ, ಉಂಡೆ ಮಾಡಿ, ಹೊನ್ನಯ್ಯನ ಎಡಗಿವಿಗೆ ಒತ್ತಿ ತುಂಬಿದರು. ಅದರ ಮೇಲೆ ಬಟ್ಟೆ ಬಿಗಿದು ಕಟ್ಟಿದರು.

‘ಬಾ, ನನ್ನನ್ನ ಹುಡುಕು,’ ಎಂದು ದೂರ ಹೋದರು. ಅಲ್ಲಿಂದ ಚೆಂಡನ್ನು ಅಲ್ಲಾಡಿಸಿದರು.

ಹೊನ್ನಯ್ಯ ಬಲಕ್ಕೆ ಹೋದ. ಹಲಗೆ ಎದೆಗೆ ಬಡಿಯಿತು. ತಿರುಗಿದ. ಗೆಜ್ಜೆಯೂ ತಿರುಗಿತು, ಮತ್ತೆ ಬಲಕ್ಕೇ ಬಂತು. ಅವನು ಮತ್ತೆ ಬಲಕ್ಕೆ ಹೋದ. ಬಾಗಿಲಿನ ಕಂಬ ಭುಜಕ್ಕೆ ತಾಗಿತು. ಯಾವ ಕಡೆ ಮುಖ ಮಾಡಿದರೂ ಗೆಜ್ಜೆ ಬಲಗಡೆಯೇ ಇತ್ತು. ತಾನು ಸುತ್ತುತ್ತಿದ್ದೇನೋ, ಲೋಕ ಸುತ್ತುತ್ತಿದೆಯೋ, ತಿಳಿಯಲಿಲ್ಲ. ಕಣ್ಣು ಹೋದ ಬೆಳಿಗ್ಗೆ ಹಾಸಿಗೆಯ ಮೇಲೆ ಕೂತು ಅಮ್ಮನನ್ನು ಕೂಗಿದ್ದು ನೆನಪಾಯಿತು. ಅವನು ಮಂಡಿಯೂರಿ ಕೂತು ಬಟ್ಟೆ ಬಿಚ್ಚಿದ. ಅರಳೆಯನ್ನು ಕಿತ್ತು ಎಸೆದ.

ಹೊಳೆ ಮತ್ತೆ ಎಡಗಡೆಗೆ ಬಂತು.

ಗುರುಗಳ ಹೆಜ್ಜೆ ಹತ್ತಿರವಾಯಿತು.

‘ತೆಗೆದ್ಯಾ?’

‘ತೆಗೆದೆ.’

‘ಹೋಗು. ಅವನಿಗೂ ಹೇಳು, ತೆಗೀಲಿ.’

ಹೊನ್ನಯ್ಯ ಅತ್ತ. ಗುರುಗಳು ಅವನ ಪಕ್ಕದಲ್ಲಿ ಕೂತರು.

‘ಎಷ್ಟೋ ಕಾಲದಿಂದ ಇಲ್ಲಿ ಒಂದೇ ಮಾತು ಕಲಿಸ್ತಾ ಬಂದೆ,’ ಎಂದರು ಕೊನೆಗೆ. ‘ಅದೂ ನನಗೆ ಕಲಿಸೋಕೆ ಬರಲಿಲ್ಲ.’

ಗುರುಗಳ ಬಾಯಲ್ಲಿ ಅಂಥ ಮಾತನ್ನು ಹೊನ್ನಯ್ಯ ಕೇಳಿರಲಿಲ್ಲ. ಅವರ ದನಿ ಅಷ್ಟು ಮುದಿಯಾಗಿದೆ ಎಂದೂ ಅವನಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಲಕ್ಕಣ್ಣ ಎರಡು ಸಲ ಹೊಳೆಗೆ ಬಿದ್ದ. ಒಂದು ಸಲ ಮೀನು ಹಿಡಿಯುವವರು ಎತ್ತಿದರು. ಇನ್ನೊಂದು ಸಲ ಸಾಕಮ್ಮ ಎತ್ತಿದಳು. ಆ ಸಲ ಯಾರೋ ಆಶ್ರಮದಿಂದ ಅವನನ್ನು ಕರೆದಿದ್ದರು, ಅವನು ಬಂದೆ ಎನ್ನುತ್ತಾ ನೀರಿನ ಕಡೆಗೆ ನಡೆದಿದ್ದ.

ಅವನ ಅಕ್ಕನಿಗೆ ಸುದ್ದಿ ಹೋಯಿತು. ಕರೆದುಕೊಂಡು ಹೋಗಲು ಬರುತ್ತೇನೆ ಎಂದು ಅವಳು ಹೇಳಿ ಕಳಿಸಿದಳು.

‘ಹೋಗ್ಬೇಡ ಲಕ್ಕಣ್ಣ,’ ಎಂದರು ಎಲ್ಲರೂ.

‘ಇದ್ದು ಏನು ಮಾಡ್ಲಿ? ನನ್ನಿಂದ ಆಟ ನಿಂತೋಯ್ತು. ಕೇಳದ ಕಿವಿ ಇಟ್ಕೊಂಡು ಆಡೋಕೆ ಹೋದೆ. ಅವತ್ತು ಹೊನ್ನನೇ ಸತ್ತಿದ್ರೆ ಏನು ಗತಿ?’

ಹೊನ್ನಯ್ಯ ಅಲ್ಲೇ ಇದ್ದ.

ಅಂದು ಗುರುಗಳು ಹೊನ್ನಯ್ಯನನ್ನು ಕರೆದು ಒಂದೇ ಮಾತು ಹೇಳಿದರು. ‘ನಾಳೆ ಹರಿಗೋಲು ಬರತ್ತೆ.’

‘ಹೇಳ್ತೀನಿ ಗುರುಗಳೇ. ಇವತ್ತೇ ಹೇಳ್ತೀನಿ.’

ಲಕ್ಕಣ್ಣ ಸ್ನಾನದ ಕಟ್ಟೆಯ ಮೇಲೆ ಕೂತಿದ್ದ. ಕಾಲು ನೀರಿನಲ್ಲಿತ್ತು. ಮಳೆಗಾಲದ ಹೊಳೆ ತುಂಬಿ ಸದ್ದು ಮಾಡುತ್ತಿತ್ತು.

ಆಶ್ರಮದಲ್ಲಿ ಆಗಲೇ ಎಲ್ಲರಿಗೂ ರೂಢಿಯಾಗಿತ್ತು. ಲಕ್ಕಣ್ಣನ ಹತ್ತಿರ ಹೋದರೆ ಬಲಗಡೆಗೆ ಹೋಗುತ್ತಿದ್ದರು. ಕಟ್ಟೆಯ ಮೆಟ್ಟಿಲು ಇಳಿದರೆ ಸಿಗುವುದೂ ಅವನ ಬಲಗಡೆಯೇ.

ಹೊನ್ನಯ್ಯ ಮೆಟ್ಟಿಲು ಇಳಿದ. ಅಲ್ಲಿ ನಿಲ್ಲಲಿಲ್ಲ. ಗೋಡೆ ಸವರಿಕೊಂಡು ಲಕ್ಕಣ್ಣನ ಬೆನ್ನ ಹಿಂದಿನಿಂದ ಸುತ್ತಿಕೊಂಡು ಹೋದ. ಎಡಗಡೆಗೆ ಕೂತ.

‘ಬಂದೆ,’ ಎಂದ.

ಲಕ್ಕಣ್ಣ ನೀರಿನಲ್ಲಿ ಕಾಲು ಆಡಿಸುತ್ತಿದ್ದ.

ಹೊನ್ನಯ್ಯ ಮುಖವನ್ನು ಅವನ ಕಿವಿಯ ಹತ್ತಿರ ತಂದ.

‘ಅವತ್ತು ನಾನು ಬಂದೆ ಅನ್ನಲಿಲ್ಲ ಲಕ್ಕಣ್ಣ. ನೀನು ಅಂದದ್ದು ನನಗೆ ಕೇಳಿಸ್ತು. ಕೇಳಿಸಿದ್ದಕ್ಕೇ ಇನ್ನೂ ಜೋರಾಗಿ ಓಡಿದೆ. ಚೆಂಡು ನನಗೆ ಬೇಕಾಗಿತ್ತು. ನಿನ್ನ ಕಿವಿಯಲ್ಲಿ ಏನೂ ಐಬಿರಲಿಲ್ಲ. ನಾನು ಒಡೆಯೋವರೆಗೂ ಚೆನ್ನಾಗಿತ್ತು. ನಿನ್ನದು ಒಂದು ಕೂದಲಿನಷ್ಟೂ ತಪ್ಪಿಲ್ಲ.’

ಒಂದಕ್ಷರವನ್ನೂ ನುಂಗದೆ ಹೇಳಿದ. ಎದೆಯ ಮೇಲಿದ್ದ ಕಲ್ಲು ಇಳಿಯುತ್ತದೆ ಎಂದು ಕಾದ. ಇಳಿಯಲಿಲ್ಲ.

ಲಕ್ಕಣ್ಣ ಕೆನ್ನೆ ಒರೆಸಿಕೊಂಡ. ಕೈ ಚಾಚಿದ. ಅದು ಹೊನ್ನಯ್ಯನ ಭುಜಕ್ಕೆ ತಾಗಿತು.

‘ಯಾರು? ಹೊನ್ನನಾ? ಅದೇನೋ ಬಿಸಿ ಗಾಳಿ ತಾಗ್ತಾ ಇದೆ ಅಂತಿದ್ದೆ. ಯಾವಾಗ ಬಂದ್ಯೋ? ಬಂದೆ ಅನ್ನಬಾರದಾ?’

ಹೊನ್ನಯ್ಯ ತನ್ನ ಕಾಲನ್ನೂ ನೀರಿಗೆ ಇಳಿಬಿಟ್ಟ.

‘ಅಂದಿರ್ತೀಯ ಬಿಡು,’ ಎಂದು ಲಕ್ಕಣ್ಣ ನಕ್ಕ. ಕತ್ತು ಹೊರಳಿಸಿ ಬಲಗಿವಿಯನ್ನು ಅವನ ಕಡೆಗೆ ತಂದ. ‘ಏನಾದ್ರೂ ಹೇಳ್ತಾ ಇದ್ಯಾ? ಈಗ ಹೇಳು.’

ಆ ಕಿವಿ ಹೊನ್ನಯ್ಯನ ಬಾಯಿಗೆ ಒಂದು ಗೇಣು ದೂರದಲ್ಲಿತ್ತು.

‘ಏನಿಲ್ಲ,’ ಎಂದ ಹೊನ್ನಯ್ಯ. ‘ನೀರು ತಣ್ಣಗಿದೆ, ಎದ್ದು ಬಾ.’

ಮರುದಿನ ಬೆಳಿಗ್ಗೆ ಲಕ್ಕಣ್ಣನ ಅಕ್ಕ ಹರಿಗೋಲಿನಲ್ಲಿ ಬಂದಳು. ಬಟ್ಟೆಯ ಗಂಟು ಕಟ್ಟಿದರು. ಸಾಕಮ್ಮ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟಳು.

ಲಕ್ಕಣ್ಣ ಗುರುಗಳ ಕಾಲು ಮುಟ್ಟಿದ.

‘ಹೋಗ್ತೀನಿ ಗುರುಗಳೇ.’

‘ಹಂಗನ್ನಬಾರದು ಕಣಪ್ಪ,’ ಎಂದಳು ಸಾಕಮ್ಮ. ‘ಹೋಗಿ ಬರ್ತೀನಿ ಅನ್ನು.’

‘ಬಂದೆ ಬಂದೆ ಅಂತ ಹೇಳಿ ಸಾಕಾಗಿದೆ ಸಾಕಮ್ಮ. ಇವತ್ತೊಂದು ದಿನ ಹೋಗ್ತೀನಿ ಅಂತೀನಿ, ಬಿಡು.’

ಆಮೇಲೆ ಅವನು ಹೊನ್ನಯ್ಯನ ತಲೆಯ ಮೇಲೆ ಕೈಯಿಟ್ಟು ತಟ್ಟಿದ. ‘ತಲೆ ಬಗ್ಗಿಸಿ ನಡಿ. ತೊಲೆ ಇನ್ನೂ ಅಲ್ಲೇ ಇದೆ.’

ಹರಿಗೋಲು ದಡ ಬಿಟ್ಟಿತು. ಹುಟ್ಟು ನೀರಿಗೆ ಬೀಳುವ ಸದ್ದು ದೂರವಾಯಿತು.

ಹೊನ್ನಯ್ಯ ಮಂಡಿಯುದ್ದ ನೀರಿಗೆ ಇಳಿದ. ‘ಲಕ್ಕಣ್ಣಾ,’ ಎಂದು ಇದ್ದಷ್ಟು ದನಿಯಲ್ಲಿ ಕೂಗಿದ.

ದಡದ ಮೇಲಿದ್ದ ಸಾಕಮ್ಮ ನಿಟ್ಟುಸಿರು ಬಿಟ್ಟಳು.

‘ಕೇಳಿಸ್ತು ಕಣಪ್ಪ ಅವನಿಗೆ. ಕೈ ಬೀಸ್ತಾ ಅವ್ನೆ. ಆ ಕಡೆ ದಡಕ್ಕೆ ಮುಖ ಮಾಡ್ಕೊಂಡು ಬೀಸ್ತಾ ಅವ್ನೆ.’

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಮೇಲೆ ಹೋದಳು. ಒಬ್ಬೊಬ್ಬರೇ ಎಲ್ಲರೂ ಹೋದರು.

ಗುರುಗಳು ಉಳಿದರು. ಹುಟ್ಟಿನ ಸದ್ದು ಪೂರ್ತಿ ಅಳಿಯುವವರೆಗೂ ಅದಕ್ಕೆ ಕಿವಿಗೊಟ್ಟು ನಿಂತರು.

‘ಹೇಳಿದ್ಯಾ?’

‘ಹೇಳ್ದೆ ಗುರುಗಳೇ.’

‘ಎಲ್ಲಾ?’

‘ಎಲ್ಲಾ ಹೇಳ್ದೆ. ಒಂದೂ ಬಿಡಲಿಲ್ಲ.’

‘ಅವನು ಏನಂದ?’

‘ಏನೂ ಅನ್ನಲಿಲ್ಲ.’

ಗುರುಗಳು ಕೋಲು ಊರಿ ನೀರಿನ ಅಂಚಿಗೆ ಬಂದರು. ಕೈ ಚಾಚಿ ಹೊನ್ನಯ್ಯನ ಮುಖವನ್ನು ಹುಡುಕಿದರು. ಹಣೆಯ ಮೇಲಿನ ಗಾಯದ ಗುರುತು ಬೆರಳಿಗೆ ಸಿಕ್ಕಿತು. ಬೆರಳು ಅಲ್ಲಿಂದ ಮೆಲ್ಲಗೆ ಸರಿದು ಅವನ ಎಡಗಿವಿಯ ಹತ್ತಿರ ನಿಂತಿತು.

‘ಯಾವ ಕಿವಿಗೆ?’